ಗೊರಕೆಗೊಂದು ಸಾಕ್ಷಿ

ಪರ್ಕಳ
14 ಮೇ 1987

ಪ್ರೀತಿಯ ಅಪ್ಪನಿಗೆ,

ಬಸ್ಸಿನಲ್ಲಿ ಕಳಿಸಿದ ಚಟ್ನಿಪುಡಿಯ ಡಬ್ಬ ತಲುಪಿತು. ಕಂಡಕ್ಟರು ಕೈಗೆ ಕೊಡುವಾಗ "ಭಟ್ರ ಪುಡಿಯಾ?" ಎಂದು ಮೂಸಿ ನೋಡಿಯೇ ಕೊಟ್ಟರು.

ಇವತ್ತು ಬರೆಯುತ್ತಿರುವುದು ಬೇರೆ ವಿಷಯ. ಎದುರಿಗೆ ನಿಂತು ಹೇಳುವ ಧೈರ್ಯ ನನಗಿಲ್ಲವೆಂದು ನಿಮಗೆ ಗೊತ್ತು. ಕಾಗದದಲ್ಲಿ ನಾನು ಸ್ವಲ್ಪ ವಾಸಿ.

ಮಣಿಪಾಲದ ನಮ್ಮ ದಂತವೈದ್ಯ ಕಾಲೇಜಿನ ಲೈಬ್ರರಿಗೆ ಹೊರದೇಶದ ಪತ್ರಿಕೆಗಳು ಬರುತ್ತವೆ. ಅವುಗಳಿಗೆ ಮುದ್ರೆ ಒತ್ತಿ, ನಂಬರು ಬರೆದು ಕಪಾಟಿನಲ್ಲಿಡುವುದು ನನ್ನ ಕೆಲಸ. ಕನ್ನಡ ಎಂ.ಎ. ಮಾಡಿದವಳಿಗೆ ಒಳಗಿನದು ಅರ್ಥವಾಗುವುದಿಲ್ಲ, ಚಿತ್ರ ನೋಡುತ್ತೇನೆ. ಹೆಚ್ಚಿನವು ಊಟದ ಮೊದಲು ನೋಡಬಾರದ ಚಿತ್ರಗಳು. ಕಳೆದ ವಾರ ಒಂದರಲ್ಲಿ ವಿಚಿತ್ರ ವಸ್ತುವೊಂದು ಕಂಡಿತು. ಎರಡು ಲಾಳಗಳನ್ನು ಒಂದರ ಮೇಲೊಂದಿಟ್ಟು ಅಂಟಿಸಿದ ಹಾಗಿದೆ, ಕೆಳಗಿನದು ಮೇಲಿನದಕ್ಕಿಂತ ಒಂದಿಷ್ಟು ಮುಂದೆ. ಅದರ ಪಕ್ಕದಲ್ಲಿ ಮಲಗಿದ ಮನುಷ್ಯನೊಬ್ಬನ ಚಿತ್ರ. ಇದೇನಿರಬಹುದೆಂದು ಮೂರು ದಿನ ಯೋಚಿಸಿದೆ. ಲೈಬ್ರರಿಗೆ ಆಲಿಸ್ ಎಂಬ ಡಾಕ್ಟರು ದಿನಾ ಬರುತ್ತಾರೆ. ಅವರನ್ನು ಕೇಳಲು ಇನ್ನೂ ಮೂರು ದಿನ ಹಿಡಿಯಿತು.

"ಗೊರಕೆಗೆ," ಎಂದರು. "ಹಲ್ಲುಗಳ ಅಚ್ಚು ತೆಗೆದು ಮಾಡುವುದು. ರಾತ್ರಿ ಬಾಯಿಗೆ ಹಾಕಿ ಮಲಗಿದರೆ ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡ್ತದೆ. ಆಗ ನಾಲಿಗೆ ಹಿಂದೆ ಜಾರಿ ಗಂಟಲಿಗೆ ಅಡ್ಡ ಬರುವುದಿಲ್ಲ. ಯಾರಿಗೆ ಬೇಕಿತ್ತು?"

"ಯಾರಿಗೂ ಅಲ್ಲ," ಎಂದೆ.

ಅವರು ಜೋರಾಗಿ ನಕ್ಕರು. "ಗೊರಕೆ ಯಾವಾಗಲೂ ಯಾರದ್ದೂ ಅಲ್ಲ ಮಾರಾಯ್ತಿ!"

ಅಪ್ಪ, ನಾನು ಪರೀಕ್ಷೆಗೆ ಓದಿದ ಕಾವ್ಯಗಳಲ್ಲಿ ರಾಕ್ಷಸರನ್ನು ಬಿಟ್ಟು ಬೇರೆ ಯಾರೂ ಗೊರಕೆ ಹೊಡೆಯುವುದಿಲ್ಲ. ಆದರೆ ಮನುಷ್ಯರೂ ಹೊಡೆಯುತ್ತಾರಂತೆ, ಅಂಥವರಿಗೆ ರಾತ್ರಿಯ ನಿದ್ರೆ ಸಾಲದೆ ಹಗಲು ತೂಕಡಿಕೆ ಬರುತ್ತದಂತೆ. ಕಳೆದ ಸಲ ನಾನು ಬಂದಾಗ ನೀವು ತೆಂಗಿನಕಾಯಿ ತುರಿಯುತ್ತಾ ತುರಿಮಣೆಯ ಮೇಲೆಯೇ ತೂಕಡಿಸಿದ್ದನ್ನು ನೋಡಿದ್ದೇನೆ. ನೀವು ಕೆಲಸ ಮಾಡುವುದು ಕುದಿಯುವ ಕೊಪ್ಪರಿಗೆಗಳ ನಡುವೆ.

ಅಮ್ಮ ಕಾರ್ಕಳಕ್ಕೆ ಹೋದದ್ದು ವಸಂತಿ ಚಿಕ್ಕಮ್ಮನ ಮಗಳ ಬಾಣಂತನಕ್ಕೆಂದು, ಫೆಬ್ರವರಿಯಲ್ಲಿ. ಮೊನ್ನೆ ಹೋಗಿ ನೋಡಿದೆ. ಮಗು ಕವುಚಿ ಬೀಳುತ್ತದೆ. ಬಾಣಂತಿ ಗಂಡನ ಮನೆಗೆ ಹೋಗುವ ದಿನವೂ ಗೊತ್ತಾಗಿದೆ. ಅಮ್ಮ ಬರುವ ದಿನ ಮಾತ್ರ ಗೊತ್ತಾಗಿಲ್ಲ.

ಒಮ್ಮೆ ಮಣಿಪಾಲಕ್ಕೆ ಬಂದು ತೋರಿಸುತ್ತೀರಾ? ಕೋಪ ಮಾಡಬೇಡಿ.

ನಿಮ್ಮ ಮಗಳು
ಸುಭಾಷಿಣಿ


ಕಾಪು
22 ಮೇ 1987

ಚಿ. ಸುಭಾಷಿಣಿಗೆ ಆಶೀರ್ವಾದ.

ಕಾಗದ ಸಿಕ್ಕಿತು. ಎರಡು ಸಲ ಓದಿದೆ. ನನಗೆ ಗೊರಕೆ ಇಲ್ಲ.

ಇದ್ದರೆ ನನಗೆ ಕೇಳುತ್ತಿರಲಿಲ್ಲವೇ? ಹುಳಿ ಕುದಿಯುವ ಸದ್ದಿನಲ್ಲೇ ತಳ ಹಿಡಿಯುತ್ತಿದೆಯೆಂದು ಗುರುತಿಸುವ ಕಿವಿ ಇದು.

ಇಪ್ಪತ್ತೆರಡು ವರ್ಷದಿಂದ ಮದುವೆ ಮನೆಗಳ ಅಡುಗೆ ಮಾಡುತ್ತಿದ್ದೇನೆ. ಹಿಂದಿನ ಸಂಜೆಯೇ ಹೋಗಿ, ಅಲ್ಲೇ ಮಲಗಿ, ಮೂರು ಗಂಟೆಗೆ ಎದ್ದು ಒಲೆ ಹಚ್ಚುವವರು ನಾವು. ಎಂಟು ಹತ್ತು ಜನ. ಒಬ್ಬನಾದರೂ ಒಂದು ಮಾತು ಹೇಳಿದ್ದಿಲ್ಲ. ಬದಲಿಗೆ ನನಗೆ ಯಾವಾಗಲೂ ಉಗ್ರಾಣದಲ್ಲೇ ಚಾಪೆ ಹಾಸಿಡುತ್ತಾರೆ. ಅಕ್ಕಿ, ಬೆಲ್ಲ, ತುಪ್ಪ ಇರುವ ಕೋಣೆ. ಬೀಗದ ಕೈ ಇರುವವನಿಗೆ ಸಲ್ಲುವ ಮರ್ಯಾದೆ ಅದು. ಉಳಿದವರು ಚಪ್ಪರದಲ್ಲಿ ಸೊಳ್ಳೆ ಕಚ್ಚಿಸಿಕೊಂಡು ಮಲಗುತ್ತಾರೆ. ಬೇಕಾದರೆ ಹೃಷೀಕೇಶನನ್ನು ಕೇಳು, ಚಾಪೆ ಹಾಸುವವನು ಅವನೇ.

ಇನ್ನು ನೀನು ಹೇಳಿದ ಆ ವಸ್ತು. ನಾವು ಅಡುಗೆಯ ರುಚಿ ನೋಡುವವರಲ್ಲ. ದೇವರಿಗೆ ನೈವೇದ್ಯ ಆಗುವ ಮೊದಲು ನಾಲಿಗೆಗೆ ಮುಟ್ಟಿಸುವ ಹಾಗಿಲ್ಲ. ಉಪ್ಪು ಹುಳಿ ಸರಿಯುಂಟೋ ಇಲ್ಲವೋ ಎಂದು ಹಬೆಯ ವಾಸನೆಯಲ್ಲೇ ತಿಳಿಯಬೇಕು. ಇಡೀ ರಾತ್ರಿ ಪ್ಲಾಸ್ಟಿಕ್ಕು ಕಚ್ಚಿಕೊಂಡು ಮಲಗಿ ಎದ್ದವನ ಮೂಗಿಗೆ ಎಂತ ಗೊತ್ತಾಗುತ್ತದೆ? ಐನೂರು ಜನರ ಊಟ ನನ್ನ ಮೂಗಿನ ಮೇಲೆ ನಿಂತಿದೆ. ಎಂಜಲಾದ ವಸ್ತುವನ್ನು ಬೆಳಿಗ್ಗೆ ತೊಳೆದು ಎಲ್ಲಿಡುವುದು? ಏಕಾದಶಿಯ ದಿನ ನಾನು ಹನಿ ನೀರನ್ನೂ ಬಾಯಿಗೆ ಹಾಕುವವನಲ್ಲ. ಆ ರಾತ್ರಿ ಅದು ಬಾಯಿಯಲ್ಲಿದ್ದರೆ ಉಪವಾಸ ಉಳಿಯುತ್ತದೆಯೇ? ನಿನ್ನ ಡಾಕ್ಟರಮ್ಮನ ಪತ್ರಿಕೆಯಲ್ಲಿ ಇದಕ್ಕೆಲ್ಲ ಉತ್ತರ ಉಂಟೋ?

ತುರಿಮಣೆಯ ಮೇಲೆ ನಾನು ತೂಕಡಿಸಿದ್ದಲ್ಲ. ಕಣ್ಣು ಮುಚ್ಚಿಕೊಂಡಿದ್ದೆ.

ಅಮ್ಮನಿಗೆ ಬರೆಯುವಾಗ, ಹಲಸಿನ ಹಪ್ಪಳ ಒಣಗುವ ಬಿಸಿಲು ಇನ್ನು ಹತ್ತು ದಿನ ಮಾತ್ರ ಉಂಟೆಂದು ಬರೆ. ನಾನು ಹೇಳಿದೆ ಎಂದು ಬರೆಯಬೇಡ.

ಅಪ್ಪ
ರಘುಪತಿ ಭಟ್ಟ


ಪರ್ಕಳ
31 ಮೇ 1987

ಪ್ರೀತಿಯ ಅಮ್ಮಾ,

ಹಲಸಿನ ಹಪ್ಪಳ ಒಣಗುವ ಬಿಸಿಲು ಮುಗಿಯುತ್ತಾ ಬಂತು. ಇದನ್ನು ಯಾರು ಹೇಳಿದರೆಂದು ನಿನಗೆ ತಿಳಿಯಬಹುದು.

ಕಳೆದ ಸಲ ಕಾರ್ಕಳಕ್ಕೆ ಬಂದಾಗ ಕೇಳಬೇಕೆಂದೇ ಬಂದಿದ್ದೆ. ನೀನು ಮಗುವಿಗೆ ಎಣ್ಣೆ ಹಚ್ಚುತ್ತಿದ್ದೆ. ಕೇಳಲಾಗಲಿಲ್ಲ. ನಾನು ಬಸ್ಸಿಗೆ ಹೊರಡುವಾಗ ನೀನು ಗೇಟಿನ ತನಕ ಬಂದೆ, ಆಗಲೂ ಆಗಲಿಲ್ಲ. ನಿನ್ನ ಕಣ್ಣಿನ ಕೆಳಗೆ ಕಪ್ಪಾಗಿದ್ದುದನ್ನು ಮಾತ್ರ ನೋಡಿಕೊಂಡು ಬಂದೆ. ಎಳೆ ಮಗುವಿರುವ ಮನೆಯಲ್ಲಿ ನಿದ್ರೆ ಕೆಡುತ್ತದೆ ಎಂದು ನೀನು ಹೇಳಿದೆ. ಆದರೆ ಮಗು ರಾತ್ರಿಯಿಡೀ ಅಲುಗದೆ ಮಲಗುತ್ತದೆಂದು ಚಿಕ್ಕಮ್ಮ ಹೆಮ್ಮೆಯಿಂದ ಹೇಳುತ್ತಿದ್ದರು.

ಗೊರಕೆ ನಿಲ್ಲಿಸುವ ಒಂದು ಅಚ್ಚಿನ ಬಗ್ಗೆ ಅಪ್ಪನಿಗೆ ಬರೆದಿದ್ದೆ. ತನಗೆ ಗೊರಕೆಯೇ ಇಲ್ಲ ಎಂದು ಉತ್ತರ ಬಂತು. ನೀನು ಮನೆ ಬಿಟ್ಟದ್ದು ಆ ಸದ್ದಿಗಾ ಅಮ್ಮಾ? ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ?

ನಿನ್ನ
ಸುಭಾ


ಕಾರ್ಕಳ
9 ಜೂನ್ 1987

ಸುಭಾ,

ನೀನು ಕೇಳಿದ್ದು ಒಳ್ಳೆಯದಾಯಿತು. ಕೇಳದೆ ಹೇಳುವ ವಿಷಯವಲ್ಲ.

ಸದ್ದಿಗೆ ನಾನು ಬಂದದ್ದಲ್ಲ. ಸದ್ದು ಇರುವಷ್ಟು ಹೊತ್ತು ನನಗೆ ಧೈರ್ಯ. ನಡುವೆ ಅದು ಒಮ್ಮೆಲೇ ನಿಲ್ಲುತ್ತದೆ. ಉಸಿರೂ ನಿಲ್ಲುತ್ತದೆ. ನಾನು ಎಣಿಸುತ್ತೇನೆ. ಇಪ್ಪತ್ತು, ಇಪ್ಪತ್ತೈದು. ಮೂವತ್ತಾದರೆ ಭುಜ ಹಿಡಿದು ಅಲ್ಲಾಡಿಸುತ್ತೇನೆ. ನೀರಿನಿಂದ ಮೇಲೆ ಬಂದವರ ಹಾಗೆ ಉಸಿರೆಳೆದು, "ಎಂತ, ಮನುಷ್ಯನಿಗೆ ನಿದ್ರೆ ಮಾಡ್ಲಿಕ್ಕೆ ಬಿಡುದಿಲ್ವಾ ನೀನು?" ಎಂದು ಬೈದು ಮಗ್ಗುಲಾಗುತ್ತಾರೆ. ಪುನಃ ಶುರು. ಹೀಗೆ ಏಳು ವರ್ಷವಾಯಿತು. ನೀನು ಆಗ ಹಾಸ್ಟೆಲಿನಲ್ಲಿದ್ದೆ.

ಜನವರಿಯಲ್ಲಿ ನಿನ್ನ ದೊಡ್ಡಪ್ಪನ ಮನೆಯ ಉಪನಯನ ಆಯಿತಲ್ಲ. ಊಟವಾಗಿ ಎಲ್ಲರೂ ಕೂತಿದ್ದಾಗ ನಾನು ಈ ವಿಷಯ ತೆಗೆದೆ. ಯಾರಾದರೂ ಇವರನ್ನು ಡಾಕ್ಟರ ಹತ್ತಿರ ಕರಕೊಂಡು ಹೋಗಲಿ ಎಂದು. ನಿನ್ನ ಅಪ್ಪ ಎಲ್ಲರ ಎದುರು, "ಇವಳಿಗೆ ರಾತ್ರಿ ಕನಸು ಬೀಳ್ತದೆ, ಬೆಳಿಗ್ಗೆ ಎದ್ದು ನನ್ನ ಮೇಲೆ ಹಾಕ್ತಾಳೆ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕನಸು ಬೀಳಬೇಕಾದರೆ ನಿದ್ರೆ ಬರಬೇಕಲ್ಲ ಎಂದು ಆಮೇಲೆ ಹೊಳೆಯಿತು.

ಇಲ್ಲಿ ಬಂದರೂ ನಿದ್ರೆ ಇಲ್ಲ. ಅಲ್ಲಿ ಯಾರು ಎಣಿಸುತ್ತಾರೆ ಎಂಬ ಯೋಚನೆ. ಬಂದದ್ದು ತಪ್ಪೋ ಏನೋ. ಆದರೆ ಸುಳ್ಳು ಹೇಳುವವಳೆಂಬ ಹೆಸರು ಹೊತ್ತು ಹಿಂದೆ ಹೋಗಲಾರೆ. ಆ ಅಚ್ಚನ್ನು ಹಾಕಿಕೊಳ್ಳುವುದು ಬಿಡುವುದು ಅವರಿಗೆ ಸೇರಿದ್ದು. ಉಂಟು ಎಂದು ಒಪ್ಪಲಿ, ಅಷ್ಟು ಸಾಕು.

ಈ ಕಾಗದ ಅವರಿಗೆ ತೋರಿಸಬೇಡ.

ಅಮ್ಮ


ಪರ್ಕಳ
20 ಜೂನ್ 1987

ಪ್ರೀತಿಯ ಅಪ್ಪನಿಗೆ,

ನಿಮ್ಮ ಪ್ರಶ್ನೆಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಡಾ. ಆಲಿಸ್‌ರಿಗೆ ಕೊಟ್ಟೆ. ಬಾಯಲ್ಲಿ ಕೇಳಲು ನಾಚಿಕೆಯಾಯಿತು. ಅವರು ಎರಡು ದಿನ ಬಿಟ್ಟು ಉತ್ತರ ಹೇಳಿದರು. ಹೊಸದಾಗಿದ್ದಾಗ ಅದಕ್ಕೆ ಒಂದು ಘಾಟು ಇರುತ್ತದೆ, ಕೆಲವು ದಿನ ನೀರಿನಲ್ಲಿ ನೆನೆಹಾಕಿಟ್ಟರೆ ಹೋಗುತ್ತದೆ, ಆದರೆ ಅಡುಗೆಯವರ ಮೂಗಿಗೆ ಹೋಗುತ್ತದೋ ಇಲ್ಲವೋ ತನಗೆ ಗೊತ್ತಿಲ್ಲ ಎಂದರು. ಮೊದಮೊದಲು ದವಡೆ ನೋಯಬಹುದಂತೆ. ಬೆಳಿಗ್ಗೆ ಸ್ವಲ್ಪ ಹೊತ್ತು ಹಲ್ಲಿಗೆ ಹಲ್ಲು ಸರಿಯಾಗಿ ಕೂರದಿರಬಹುದಂತೆ. ಎಲ್ಲರಿಗೂ ಗುಣ ಕಂಡಿಲ್ಲವಂತೆ. "ನಾನು ಇದುವರೆಗೆ ಒಂದನ್ನೂ ಮಾಡಿದವಳಲ್ಲ. ನಿಮ್ಮ ತಂದೆಯೇ ಮೊದಲನೆಯವರು. ಅದನ್ನೂ ಅವರಿಗೆ ಹೇಳಿ," ಎಂದರು. ಏಕಾದಶಿಯ ಬಗ್ಗೆ ಮಾತ್ರ, "ಅದು ನನ್ನ ಸಿಲೆಬಸ್ಸಿನಲ್ಲಿ ಇಲ್ಲ," ಎಂದು ನಕ್ಕರು.

ಮೊನ್ನೆ ಹೃಷೀಕೇಶ ಹಲ್ಲು ಕೀಳಿಸಲು ಬಂದಿದ್ದ. ಕೆನ್ನೆಯೊಳಗೆ ಹತ್ತಿ ಇಟ್ಟುಕೊಂಡು ಲೈಬ್ರರಿಯ ಮೆಟ್ಟಿಲ ಮೇಲೆ ಕೂತಿದ್ದ. ನೀವೇ ಬರೆದಿದ್ದಿರಲ್ಲ, ಹಾಗಾಗಿ ಕೇಳಿದೆ, ಅಪ್ಪನಿಗೆ ಉಗ್ರಾಣದಲ್ಲಿ ಚಾಪೆ ಹಾಸುವುದು ಯಾಕೆ ಎಂದು.

ಅವನು ಕೆನ್ನೆ ಹಿಡಿದುಕೊಂಡು ನಗಲು ಶುರುಮಾಡಿದ. ನನ್ನ ಮುಖ ನೋಡಿ ನಿಲ್ಲಿಸಿದ.

"ಭಟ್ರು ಎಂತ ಹೇಳ್ತಾರೆ?"

"ಬೀಗದ ಕೈ ಇರುವವರಿಗೆ ಮರ್ಯಾದೆ ಅಂತ."

ಹತ್ತಿಯನ್ನು ನಾಲಿಗೆಯಿಂದ ಸರಿಮಾಡಿಕೊಂಡು, "ಹೌದು ಹೌದು, ಮರ್ಯಾದೆಯೇ," ಎಂದ. ಎದ್ದು ಹೊರಟವನು ಹಿಂದೆ ಬಂದು ಇನ್ನೂ ಎರಡು ಮಾತು ಹೇಳಿದ. ಅದನ್ನು ನಾನು ಬರೆಯುವುದಿಲ್ಲ. ಅವನು ನಕ್ಕದ್ದನ್ನು ಮಾತ್ರ ಬರೆದಿದ್ದೇನೆ. ಉಳಿದದ್ದನ್ನು ನೀವೇ ಕೇಳಿ. ನಿಮಗೆ ಅವನು ಸುಳ್ಳು ಹೇಳುವುದಿಲ್ಲ.

ನಿಮ್ಮ ಮಗಳು
ಸುಭಾಷಿಣಿ


ಕಾಪು
4 ಜುಲೈ 1987

ಚಿ. ಸುಭಾಷಿಣಿಗೆ,

ಹೃಷೀಕೇಶನನ್ನು ಕೇಳಿದೆ.

ಹಿರಿಯಡ್ಕದಲ್ಲಿ ಒಂದು ಸೀಮಂತದ ಅಡುಗೆ ಇತ್ತು. ಸೌತೆಕಾಯಿ ಹೆಚ್ಚುತ್ತಿದ್ದವನು ಕತ್ತಿ ಕೆಳಗಿಟ್ಟ. "ಭಟ್ರೇ, ನೀವು ಚಪ್ಪರದಲ್ಲಿ ಮಲಗಿದ್ರೆ ಮೂರು ಗಂಟೆಗೆ ನಮ್ಮನ್ನು ಎಬ್ಬಿಸುವ ಕೆಲಸ ಇಲ್ಲ. ಯಾರೂ ಮಲಗಿಯೇ ಇರುದಿಲ್ಲ," ಎಂದ. ಉಗ್ರಾಣಕ್ಕೆ ಗೋಡೆ ದಪ್ಪ, ಬಾಗಿಲೂ ಉಂಟು. ಆ ಕ್ರಮವನ್ನು ಶುರುಮಾಡಿದವರು ಈಗ ಯಾರೂ ಇಲ್ಲ. ಹೊಸದಾಗಿ ಸೇರಿದವರಿಗೆ ಒಲೆ ಹಚ್ಚುವುದನ್ನು ಕಲಿಸುವ ಮೊದಲು ಇದನ್ನು ಕಲಿಸುತ್ತಾರಂತೆ.

ಪ್ರತಿ ಸಲ ನಾನು "ನನಗೊಬ್ಬನಿಗೆ ಯಾಕೆ ಮಾರಾಯ ಬೇರೆ ಕೋಣೆ? ಇಲ್ಲೇ ನಿಮ್ಮೊಟ್ಟಿಗೆ ಮಲಗ್ತೇನೆ" ಎಂದು ದೊಡ್ಡ ಮನಸ್ಸು ತೋರಿಸುತ್ತಿದ್ದೆ. ಅವರೆಲ್ಲ ಎದ್ದು ನಿಂತು "ಬೇಡ ಭಟ್ರೇ, ನೀವು ಒಳಗೇ ಮಲಗಬೇಕು" ಎಂದು ಒತ್ತಾಯ ಮಾಡುತ್ತಿದ್ದರು. ಎಷ್ಟೊಂದು ಒತ್ತಾಯ! ಇಪ್ಪತ್ತೆರಡು ವರ್ಷ.

ಅವತ್ತು ಹುಳಿಗೆ ಎರಡು ಸಲ ಉಪ್ಪು ಬಿತ್ತು. ಮೂಗಿಗೆ ತಿಳಿಯಲಿಲ್ಲ. ಪ್ಲಾಸ್ಟಿಕ್ಕನ್ನು ಇನ್ನೂ ಬಾಯಿಗೆ ಹಾಕಿರಲೂ ಇಲ್ಲ.

ಉಡುಪಿಗೆ ಹೋಗಿ ಮಧ್ವರಾಜ ಆಚಾರ್ಯರ ಹತ್ತಿರ ಏಕಾದಶಿಯ ವಿಷಯ ವಿಚಾರಿಸಿದೆ. ಎಂಬತ್ತು ದಾಟಿದ ವಿದ್ವಾಂಸರು, ದೊಡ್ಡ ಉತ್ತರ ಬರಬಹುದೆಂದು ಕಾಲು ಮಡಚಿ ಕೂತೆ. ಅವರು ಬಾಯಿ ತೆರೆದು ತಮ್ಮ ಹಲ್ಲಿನ ಸೆಟ್ಟು ತೋರಿಸಿ, "ಏಕಾದಶಿ ಅಂತ ಇದನ್ನು ತೆಗೆದಿಟ್ರೆ ನಾನು ಪಾಠ ಹೇಳುದು ಹೇಗೆ? ನುಂಗದ್ದು ಆಹಾರ ಅಲ್ಲ. ಹೋಗು," ಎಂದರು. ಎಂಜಲಿನ ವಿಷಯ ಕೇಳುವ ಮೊದಲೇ ಎದ್ದು ಒಳಗೆ ಹೋದರು.

ನಾನು ಹಾಕಿಕೊಳ್ಳುತ್ತೇನೆ ಎಂದು ಹೇಳುತ್ತಿಲ್ಲ. ನೋಡಿ ಬರುವುದರಲ್ಲಿ ತಪ್ಪಿಲ್ಲ. ಇನ್ನು ಆಟಿ ತಿಂಗಳು, ಮದುವೆಗಳಿಲ್ಲ. ಆ ಡಾಕ್ಟರಮ್ಮ ಯಾವ ದಿನ ಇರುತ್ತಾರೆ?

ಅಪ್ಪ


ಪರ್ಕಳ
18 ಜುಲೈ 1987

ಪ್ರೀತಿಯ ಅಮ್ಮಾ,

ಅಪ್ಪ ಮಣಿಪಾಲಕ್ಕೆ ಬಂದಿದ್ದರು. ನಾನು ಹೇಳಿದ್ದಕ್ಕೆ ಮಾತ್ರ ಬಂದದ್ದಲ್ಲ. ಬೇರೆ ಕಾರಣವೂ ಉಂಟು, ಅದನ್ನು ಅವರೇ ಹೇಳಿದರೆ ಚೆಂದ.

ಇಸ್ತ್ರಿ ಮಾಡಿದ ಪಂಚೆ ಉಟ್ಟು, ಹೆಗಲಿಗೆ ಶಾಲು ಹಾಕಿ, ಮದುವೆ ಮಾತುಕತೆಗೆ ಬಂದವರ ಹಾಗೆ ಆ ಎತ್ತರದ ಕುರ್ಚಿಯ ತುದಿಯಲ್ಲಿ ಕೂತರು. ಡಾ. ಆಲಿಸ್ ಬಟ್ಟಲಿನಲ್ಲಿ ಪುಡಿಗೆ ನೀರು ಹಾಕಿ ಕಲಸುತ್ತಿದ್ದರು. ಹಲ್ಲಿನ ಅಚ್ಚು ತೆಗೆಯುವ ಹಿಟ್ಟು ಅದು, ನಸುಗೆಂಪು ಬಣ್ಣ, ಪುದೀನದ ಪರಿಮಳ. ಅಪ್ಪ ಇಣುಕಿ ನೋಡಿದರು.

"ನೀರು ಹೆಚ್ಚಾಯ್ತು," ಎಂದರು.

"ಇಲ್ಲ, ಅಳತೆ ಪ್ರಕಾರವೇ ಹಾಕಿದ್ದು."

"ಅಳತೆ ಇರಬಹುದು. ಹೊರಗೆ ಮಳೆ ಉಂಟಲ್ಲ, ಹವೆಯಲ್ಲೇ ನೀರುಂಟು. ಹಿಟ್ಟು ಸಡಿಲ."

ಅಚ್ಚು ಸರಿಯಾಗಿ ನಿಲ್ಲಲಿಲ್ಲ. ಅಂಟು ಅಂಟಾಗಿ ಅಪ್ಪನ ಮೀಸೆಯವರೆಗೆ ಬಂತು. ಎರಡನೆಯ ಸಲ ಡಾಕ್ಟರು ಬಟ್ಟಲನ್ನು ಅವರ ಮುಂದೆ ಹಿಡಿದು, "ಈಗ ಹೇಳಿ, ಸಾಕಾ?" ಎಂದರು. "ಇನ್ನೊಂದು ಚಿಟಿಕೆ ಪುಡಿ," ಎಂದರು ಅಪ್ಪ. ಅಚ್ಚು ಚೆನ್ನಾಗಿ ಬಂತು. ಆಮೇಲೆ ಇಬ್ಬರಿಗೂ ಬಹಳ ಸ್ನೇಹವಾಯಿತು. ಕೆಳದವಡೆಯನ್ನು ಎಷ್ಟು ಮುಂದೆ ತರಬೇಕೆಂದು ಅಳೆಯುವಾಗ, "ಹೀಗೆ ಹಿಡಿದ್ರೆ ನನ್ನ ಮುಖ ಜಗಳಕ್ಕೆ ಹೊರಟ ಹಾಗೆ ಕಾಣುದಿಲ್ವಾ?" ಎಂದು ಕೇಳಿದರು. "ಕತ್ತಲಲ್ಲಿ ಯಾರು ನೋಡ್ತಾರೆ ಭಟ್ರೇ," ಎಂದರು ಅವರು.

ಹೊರಡುವ ಹೊತ್ತಿಗೆ ಅಪ್ಪ ಒಂದು ಪ್ರಶ್ನೆ ಕೇಳಿದರು.

"ಇದು ಕೆಲಸ ಮಾಡಿತೋ ಇಲ್ಲವೋ ಅಂತ ಗೊತ್ತಾಗುದು ಹೇಗೆ?"

"ಹದಿನೈದು ದಿನ ಹಾಕಿ ನೋಡಿ. ಪಕ್ಕದಲ್ಲಿ ಮಲಗುವವರು ಹೇಳ್ತಾರೆ."

ಅಪ್ಪ ಶಾಲನ್ನು ತೆಗೆದು ಪುನಃ ಹೆಗಲಿಗೆ ಹಾಕಿಕೊಂಡರು. ಬಸ್‌ಸ್ಟ್ಯಾಂಡಿನವರೆಗೆ ನಾನೂ ಜೊತೆಗೆ ಹೋದೆ. ಬಸ್ಸು ಹತ್ತುವಾಗ, "ಕಾರ್ಕಳದ ಮನೆಯ ಅಡ್ರೆಸ್ಸಿನಲ್ಲಿ ಪಿನ್‌ಕೋಡು ಎಂತ ಬರೆಯುದು?" ಎಂದು ಕೇಳಿದರು. ಬರೆದುಕೊಟ್ಟೆ.

ನಿನ್ನ
ಸುಭಾ


ಕಾಪು
3 ಆಗಸ್ಟ್ 1987

ಸೌ. ರಮಾಮಣಿಗೆ,

ನಿನಗೆ ಇದುವರೆಗೆ ಕಾಗದ ಬರೆದವನಲ್ಲ. ಬರೆಯುವಷ್ಟು ದೂರ ನೀನು ಹೋದದ್ದಿಲ್ಲ.

ನನಗೆ ಗೊರಕೆ ಉಂಟು. ಉಪನಯನದ ಮನೆಯಲ್ಲಿ ನಾನು ಹೇಳಿದ್ದು ಸುಳ್ಳು. ಮೊನ್ನೆ ಅಣ್ಣನ ಮನೆಗೆ ಹೋಗಿ ಅದನ್ನು ಹೇಳಿ ಬಂದೆ. ಅವತ್ತು ನಕ್ಕವರಲ್ಲಿ ನಾಲ್ಕು ಜನ ಅಲ್ಲಿದ್ದರು. ಉಳಿದವರಿಗೆ ಅಣ್ಣ ಹೇಳುತ್ತಾನೆ, ಅವನ ಬಾಯಿ ನಿನಗೆ ಗೊತ್ತುಂಟು. ನಾನು ಹೇಳುವಾಗ ಒಬ್ಬರೂ ನಗಲಿಲ್ಲ. ಅತ್ತಿಗೆ, "ರಮಾಮಣಿ ಆವತ್ತೇ ಹೇಳಿದ್ದಳಲ್ಲ," ಎಂದರು.

ಡಾಕ್ಟರಮ್ಮ ಮಾಡಿಕೊಟ್ಟ ವಸ್ತು ಬಂದು ವಾರವಾಯಿತು. ಒಂದು ಲೋಟ ನೀರಿನಲ್ಲಿ ಹಾಕಿ, ಬೆಳಿಗ್ಗೆ ಬೆಳಿಗ್ಗೆ ವಾಸನೆ ನೋಡುತ್ತೇನೆ. ನಾಲ್ಕು ದಿನ ಇತ್ತು. ಈಗ ಇಲ್ಲ. ಸೀಸನ್ನು ಶುರುವಾಗುವ ಮೊದಲು ಮೂಗಿಗೆ ತೊಂದರೆಯಾದರೆ ಬಿಟ್ಟುಬಿಡಬಹುದು ಎಂಬ ಧೈರ್ಯವೂ ಉಂಟು. ಆದರೂ ಹಾಕಿಕೊಳ್ಳಬೇಕೋ ಬೇಡವೋ ಎಂದು ತೀರ್ಮಾನವಾಗಿಲ್ಲ. ಒಬ್ಬನೇ ಇರುವಾಗ ಹಾಕಿ ಪ್ರಯೋಜನವೇನು? ನನ್ನ ಸದ್ದು ನನಗೆ ಕೇಳುವುದಿಲ್ಲ. ಕೇಳಿ ಹೇಳುವ ಸಾಕ್ಷಿ ಬೇಕು. ನೀನು ಉಂಟು ಎಂದರೆ ಉಂಟು, ಇಲ್ಲ ಎಂದರೆ ಇಲ್ಲ. ನಾನು ಎದುರು ಮಾತಾಡುವುದಿಲ್ಲ.

ಬರಲೇಬೇಕು ಎಂದಲ್ಲ. ಕಾರ್ಕಳದಿಂದ ಬೆಳ್ಮಣ್ ಮೇಲೆ ಬರುವ ಬಸ್ಸು ಈಗ ಹನ್ನೊಂದು ಗಂಟೆಗೆ ಕಾಪು ತಲುಪುತ್ತದೆ.

ರಘುಪತಿ


ಕಾಪು
11 ಆಗಸ್ಟ್ 1987

ಸುಭಾ,

ನಿನ್ನೆ ಬಂದೆ. ಕಾರ್ಡಿನಲ್ಲಿ ಜಾಗ ಸಾಲದು, ಸಣ್ಣಕ್ಷರದಲ್ಲಿ ಬರೆಯುತ್ತೇನೆ.

ರಾತ್ರಿ ಅದನ್ನು ಹಾಕಿಕೊಂಡರು. ಹಾಕಿಕೊಂಡ ಮೇಲೆ ಏನೋ ಹೇಳಿದರು, ತಿಳಿಯಲಿಲ್ಲ. ಪುನಃ ಹೇಳಿದರು, ಆಗಲೂ ತಿಳಿಯಲಿಲ್ಲ. ನಾನು ಲೈಟು ಆರಿಸಿ ಎಣಿಸಲಿಕ್ಕೆಂದು ಮಲಗಿದೆ.

ಏಳುವಾಗ ಏಳೂವರೆ. ಹಾಲಿನ ಗುಣವತಿ ಬಂದು ಹೋಗಿ ಆಗಿತ್ತು. ನಿನ್ನ ಅಪ್ಪ ಒಲೆಯ ಮುಂದೆ ಕೂತು ಕೆನ್ನೆ ಒತ್ತಿಕೊಳ್ಳುತ್ತಿದ್ದರು. ಕಣ್ಣು ಕೆಂಡದ ಹಾಗೆ. ಒಂದು ಗಳಿಗೆಯೂ ಮಲಗಿದವರ ಹಾಗೆ ಕಾಣಲಿಲ್ಲ.

"ಹೇಳು, ಉಂಟಾ ಇಲ್ವಾ?" ಎಂದರು.

"ನನಗೆ ಗೊತ್ತಿಲ್ಲ. ನಿದ್ರೆ ಬಂತು," ಎಂದೆ.

"ಸಾಕ್ಷಿಗೆ ಅಂತ ಕರೆಸಿದ್ರೆ ನಿದ್ರೆ ಮಾಡುದಾ?" ಎಂದು ಜೋರು ಮಾಡಿದರು. ಆಮೇಲೆ ದೋಸೆ ಮಗುಚಿ ನನ್ನ ತಟ್ಟೆಗೆ ಹಾಕಿ, "ಇರಲಿ. ಡಾಕ್ಟ್ರು ಹದಿನೈದು ದಿನ ಹೇಳಿದ್ದಾರೆ. ಇವತ್ತು ಪುನಃ ಹಾಕಿ ನೋಡುವ," ಎಂದರು.

ನನ್ನ ಉಳಿದ ಸೀರೆಗಳನ್ನೂ ಬಸ್ಸಿಗೆ ಹಾಕಲು ವಸಂತಿಗೆ ಬರೆದಿದ್ದೇನೆ.

ಅಮ್ಮ